ದಾಸರಪದ ಸ್ಪರ್ಧೆ: ಬೇರೆ ಮಕ್ಕಳು ಹಾಡುವಾಗ ನಮ್ಮ ಮಕ್ಕಳು ಏನು ಕೇಳಬೇಕು?

ಮಾನ್ವಿ ಸಂಗೀತ ಮಿಸ್:
ತಾಲೂಕು ಮಟ್ಟದ ದಾಸರಪದ ಸ್ಪರ್ಧೆಗೆ 12ರಿಂದ 14 ವಯಸ್ಸಿನ ಮಕ್ಕಳನ್ನು ಕರಕೊಂಡು ಹೋಗ್ಬೇಕು. ತಮ್ಮ ಹಾಡು ಮುಗೀತು ಅಂದ್ರೆ ಹೊರಗೆ ಓಡ್ತಾರೆ. ಕೂತರೂ 'ಯಾರಿಗೆ ಫಸ್ಟ್' ಅನ್ನೋದೇ ಮಾತು. ಬೇರೆಯವರ ಹಾಡು ಕೇಳಿ ಕಲೀರಿ ಅಂದ್ರೆ 'ಏನು ಕೇಳ್ಬೇಕು ಮಿಸ್?' ಅಂತಾರೆ. ಏನು ಹೇಳಲಿ?

ಪೆಟ್ಟಿಗೆ ಮಾಸ್ತರ, ರಾಯಚೂರು:
ಎಲ್ಲಾ ಗಮನಿಸ್ರಿ ಅಂದ್ರೆ ಏನೂ ಗಮನಿಸಲ್ಲ ಮಿಸ್. ಒಬ್ಬಳಿಗೆ ಶ್ರುತಿ, ಒಬ್ಬನಿಗೆ ಉಸಿರು, ಮತ್ತೊಬ್ಬಳಿಗೆ ಉಚ್ಚಾರ, ಹಿಂಗೆ ಒಂದೊಂದೇ ಕೆಲಸ ಹಚ್ಚಿರಿ. ಕೇಳಿದ್ದನ್ನು ಬರೆಯೋ ಚೀಟಿಯಲ್ಲಿ ಚೆಸ್ಟ್ ನಂಬರ್ ಅಷ್ಟೇ ಇರಲಿ, ಹೆಸರು ಬರೆದ್ರೆ ಚಾಡಿ ಆಗ್ತದೆ. ಐದಾರು ಹಾಡಿನ ಮೇಲೆ ಕಿವಿ ದಣೀತದೆ, ಅಲ್ಲಿಗೆ ನಿಲ್ಲಿಸ್ರಿ.

ಶ್ರುತಿ ನೋಡೋ ಮಗು ಹಾಡಿನ ಅತಿ ಮೇಲಿನ ಸ್ವರಕ್ಕೆ ಕಾಯಬೇಕು. ಅಂಜಿಕೆಯಲ್ಲಿ ಪೆಟ್ಟಿಗೆಯ (ಹಾರ್ಮೋನಿಯಂ) ಷಡ್ಜ, ಅಂದ್ರೆ ಆಧಾರದ 'ಸ' ಕೇಳದೆ ಶುರು ಮಾಡಿದವರು ಬಹಳ ಸಲ ಏರಿಸಿಯೇ ಹಿಡೀತಾರೆ. ಪಲ್ಲವಿಯಲ್ಲಿ ಅದು ಗೊತ್ತಾಗಲ್ಲ. ಅನುಪಲ್ಲವಿಯಲ್ಲಿ ತಾರ ಷಡ್ಜ (ಮೇಲಿನ 'ಸ') ಬಂದಾಗ ಗದ್ದ ಮೇಲೇಳ್ತದೆ, ಕತ್ತಿನ ನರ ಬಿಗೀತದೆ, ದನಿ ಚೀರ್ತದೆ. ಅಂಥದ್ದನ್ನು ಒಮ್ಮೆ ಎದುರಿಗೆ ನೋಡಿದ ಮಗುವಿಗೆ ಮನೆಯಲ್ಲಿ ಈ ಪರೀಕ್ಷೆ ಮಾಡಿಸ್ರಿ: ತನ್ನ ಹಾಡಿನ ಅತಿ ಮೇಲಿನ ಸ್ವರವನ್ನು 'ಆ'ಕಾರದಲ್ಲಿ ಮೆತ್ತಗೆ ಹಿಡಿಯಲಿ. ಕೂಗಿದರೆ ಮಾತ್ರ ಸಿಗ್ತದೆ ಅಂದ್ರೆ ಶ್ರುತಿಯನ್ನು ಪೆಟ್ಟಿಗೆಯಲ್ಲಿ ಒಂದು ಮನೆ (ಕೀ) ಇಳಿಸಬೇಕು. ಈ ವಯಸ್ಸಿನ ಹುಡುಗರ ಕಂಠ ಒಡೀತಿರ್ತದೆ, ಹೋದ ವರ್ಷದ ಶ್ರುತಿ ಈ ವರ್ಷಕ್ಕೆ ನಡೆಯಲ್ಲ.

ಉಚ್ಚಾರದ ಮಾತು. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಮೂವರೂ ನಮ್ಮ ಜಿಲ್ಲೆಯವರು, ಮೂವರ ಅಂಕಿತದಲ್ಲೂ (ಪದದ ಕೊನೆಗೆ ಬರೋ ದಾಸರ ಗುರುತಿನ ಹೆಸರು) 'ವಿಠಲ' ಇದೆ. ಎಷ್ಟು ಮಕ್ಕಳು 'ವಿಟಲ' ಅಂತಾರೆ ಅಂತ ಎಣಿಸೋಕೆ ಹೇಳ್ರಿ. ಹಾಡುವಾಗ ಮನಸ್ಸು ಮುಂದಿನ ಸಾಲಿನ ಮೇಲೆ ಇರ್ತದೆ, ತನ್ನ ತಪ್ಪು ತನಗೆ ಕೇಳಲ್ಲ, ಇನ್ನೊಬ್ಬರ ಬಾಯಲ್ಲಿ ಥಟ್ಟನೆ ಕೇಳ್ತದೆ. 'ಜಗನ್ನಾಥ' ಅಂದು ಉಸಿರು ಎಳೆದು 'ವಿಠಲ' ಅನ್ನೋದೂ ಅಷ್ಟೇ ಕಿವಿಗೆ ಹೊಡೀತದೆ.

ಇನ್ನೊಂದು, ಗಂಟೆ ಬಾರಿಸಿದಾಗ ಯಾರು ಎಲ್ಲಿದ್ದಾರೆ? ಮೂರೂ ಚರಣ ಹಾಡೋಕೆ ಹೋಗಿ ಅಂಕಿತ ಬರೋದಕ್ಕೆ ಮುಂಚೆ ನಿಲ್ಲೋರೇ ಹೆಚ್ಚು. ಐದು ನಿಮಿಷ ಕೊಟ್ಟಿದ್ರೆ ನಾಲ್ಕೂಕಾಲಿಗೆ ಹೊಂದಿಸಿಕೊಳ್ಳಿ. ಬಿಡೋದಿದ್ರೆ ನಡುವಿನ ಚರಣ ಬಿಡ್ರಿ, ಅಂಕಿತದ ಚರಣ ಬಿಡಬೇಡ್ರಿ.

ತಬಲಾ, ಬಳ್ಳಾರಿ:
ಲಯ ಬಿಟ್ರಲ್ಲ ಮಾಸ್ತರೇ! ಕೂತ ಮಗು ತೊಡೆ ಮೇಲೆ ಎಂಟು ಮಾತ್ರೆ ಹಾಕ್ತಾ ಕೇಳಲಿ. ಮೊದಲ ಪಲ್ಲವಿ, ಕೊನೆಯ ಪಲ್ಲವಿ, ಎರಡರ ಓಟ ಒಂದೇ ಇದೆಯಾ? ಓಡೋದು ಚರಣದಿಂದ ಪಲ್ಲವಿಗೆ ತಿರುಗುವಲ್ಲಿ. ಉಸಿರು ತೀರಿರ್ತದೆ, ಕೊನೆಯ ಉದ್ದ ಸ್ವರ ಮೊಟಕು ಮಾಡಿ ಅರ್ಧ ಮಾತ್ರೆ ಮೊದಲೇ ಪಲ್ಲವಿಗೆ ಬೀಳ್ತಾರೆ. ಸಂಭಾಳಿಸೋಕೆ ತಬಲಾದವ ಹಿಂದೆ ಓಡ್ತಾನೆ. ಎರಡು ಸಲ ಹಿಂಗಾದ್ರೆ ಹಾಡು ಭಜನೆಯ ಕೊನೆ ಆರತಿ ಆಯ್ತು ಅಂತಲೇ ಲೆಕ್ಕ.

ವೇದಿಕೆ ಹತ್ತಿದ ಮೇಲೆ ಯಾರು ತಬಲಾದವರ ಜೊತೆ ಏನು ಮಾತಾಡ್ತಾರೆ, ಅದನ್ನೂ ನೋಡಲಿ. 'ಭಜನ್ ಸರ್' ಅಂದ್ರೆ ನಮಗೇನು ತಿಳೀಬೇಕು? ತಾಳ, ಲಯ, ಎತ್ತುಗಡೆ (ಹಾಡು ಶುರುವಾಗೋ ಜಾಗ) ಸಮದಿಂದಲೋ, ಅಂದ್ರೆ ಮೊದಲ ಮಾತ್ರೆಯಿಂದಲೋ, ಐದನೇ ಮಾತ್ರೆಯಿಂದಲೋ, ಇಷ್ಟು ಹೇಳಿ ಮೊದಲ ಸಾಲು ಕೈತಾಳದಲ್ಲಿ ಗುನುಗಿ ತೋರಿಸಿದ್ರೆ ಸಾಕು. ಬಳ್ಳಾರಿ ಕಡೆ ಪಕ್ಕವಾದ್ಯದವರು ಕರ್ನಾಟಕಿಯೂ ಇರಬಹುದು, ಹಿಂದೂಸ್ತಾನಿಯೂ ಇರಬಹುದು. ಪೆಟ್ಟಿಗೆಯ ನಾಲ್ಕನೇ ಕರಿ ಮನೆಯ ಶ್ರುತಿಗೆ ನಾವು 'ಕರಿ 4' ಅಂದದ್ದು ಕರ್ನಾಟಕಿಯವರ ಬಾಯಲ್ಲಿ 'ಐದೂವರೆ ಮನೆ', ಮಕ್ಕಳಿಗೆ ಎರಡೂ ಹೆಸರು ಕಲಿಸಿ.

ಜಗನ್ನಾಥದಾಸರ ಹರಿಕಥಾಮೃತಸಾರದ ಪದ್ಯ ಹಾಡುವವರಿದ್ರೆ ಅದನ್ನು ಬಿಡದೆ ಕೇಳ್ರಿ. ಭಾಮಿನಿ ಷಟ್ಪದಿ, ಮೂರು ನಾಲ್ಕರ ನಡೆ, ಹಿಂದೂಸ್ತಾನಿ ರೂಪಕದ ಏಳು ಮಾತ್ರೆಯಲ್ಲಿ ತಾನೇ ಕೂಡ್ತದೆ. ಅದನ್ನು ಎಂಟು ಮಾತ್ರೆಯ ಕೆಹರವಾಕ್ಕೆ ಎಳೆದವರು ಪ್ರತಿ ಏಳು ಮಾತ್ರೆಗೂ ಒಂದು ಮಾತ್ರೆ ಜಗ್ಗಬೇಕಾಗ್ತದೆ. ಎರಡೂ ಬಗೆ ಒಂದೇ ದಿನ ಕೇಳಿದ ಮಗುವಿಗೆ ಬೇರೆ ಪಾಠ ಬೇಡ.

ಗವಿಮಠ ರಸ್ತೆ, ಕೊಪ್ಪಳ:
ಎಲ್ಲಾ ಸರಿ, ಆದ್ರೆ ತಮ್ಮ ಸರದಿಗೆ ಮುಂಚೆ ಕೇಳಿಸಬೇಡ್ರಿ. ಹಿಂದಿನವಳು ಕರಿ 5ರಲ್ಲಿ ಹಾಡಿ ಇಳಿದಿದ್ರೆ ಆ ಷಡ್ಜ ಕಿವಿಯಲ್ಲೇ ಕೂತಿರ್ತದೆ, ನಿಮ್ಮ ಹುಡುಗ ಬಿಳಿ 4ಕ್ಕೆ ಬರೋಕೆ ತಡಕಾಡ್ತಾನೆ. ಲಯವೂ ಹಂಗೇ ಅಂಟ್ತದೆ. ಮೂರು ಜನ ಬಾಕಿ ಇರುವಾಗಲೇ ಹೊರಗೆ ಕರಕೊಂಡು ಹೋಗಿ ಮೊಬೈಲ್ ತಂಬೂರಿ ಹಚ್ಚಿ ಎರಡು ನಿಮಿಷ ಸ-ಪ-ತಾರ ಸ ಗುನುಗಿಸ್ರಿ. ಕೇಳೋದೆಲ್ಲ ಹಾಡಿದ ಮೇಲೆ.

ಗೆದ್ದವರ ತಾನ (ಓಟದ ಸ್ವರಗುಚ್ಛ) ಎತ್ತಿಕೊಂಡು ಬಂದು ಮುಂದಿನ ಸ್ಪರ್ಧೆಯಲ್ಲಿ ಹಾಕೋ ಚಟ ನನಗೆ ಸೇರಲ್ಲ. ಅದು ಅವರ ಗಂಟಲಿಗೆ ಹದವಾದದ್ದು. ತಗೊಳ್ಳೋದಿದ್ರೆ ಎಲ್ಲಿ ಹಾಕಿದ್ರು ಅನ್ನೋದು ತಗೊಳ್ರಿ. ಮಾತು ಮುಗಿದ ಮೇಲೆ ಹಾಕಿದ್ರಾ, ಮಾತು ಮುರಿದು ಹಾಕಿದ್ರಾ?

ಸಾಲು ಮರೆತವರನ್ನು ಮಾತ್ರ ಚೆನ್ನಾಗಿ ನೋಡಲಿ. ಕೈತಾಳ ನಿಲ್ಲಿಸದೆ ಪಲ್ಲವಿಗೆ ತಿರುಗಿದವರಿಗೆ ತಾಳದ ಒಂದೆರಡು ಸುತ್ತು ಯೋಚಿಸೋಕೆ ಸಿಗ್ತದೆ. ನಾಲಿಗೆ ಕಚ್ಚಿ ನಿರ್ಣಾಯಕರ ಮುಖ ನೋಡಿದವರು ಅಲ್ಲೇ ನಿಲ್ತಾರೆ.

ಮಾನ್ವಿ ಸಂಗೀತ ಮಿಸ್:
ಎಲ್ಲಾ ಬರಕೊಂಡೆ. ಬೇರೆ ಮಕ್ಕಳ ಹಾಡು ಮೊಬೈಲಲ್ಲಿ ರೆಕಾರ್ಡ್ ಮಾಡಿ ಆಮೇಲೆ ಕೇಳಿಸಬಹುದಾ?

ಪೆಟ್ಟಿಗೆ ಮಾಸ್ತರ, ರಾಯಚೂರು:
ಪಾಲಕರನ್ನು ಕೇಳದೆ ಬೇಡ್ರಿ ಮಿಸ್. ರೆಕಾರ್ಡ್ ಮಾಡೋ ಮಗು ಪರದೆ ನೋಡ್ತದೆ, ಹಾಡು ಕೇಳಲ್ಲ. ನಿಮ್ಮ ಮಕ್ಕಳದ್ದನ್ನೇ ಮಾಡ್ರಿ. ಮೊಬೈಲನ್ನು ಸ್ಪೀಕರ್ ಡಬ್ಬಿಯಿಂದ ದೂರ ಇಡ್ರಿ, ಇಲ್ಲಾಂದ್ರೆ ದನಿ ಒಡೆದು ಶ್ರುತಿ ತಿಳಿಯಲ್ಲ.