ಮುಂದಿನ ಎಡ ಚಕ್ರದಲ್ಲಿ ಟಕ್‌ಟಕ್ ಸದ್ದು, ಶಾಕ್ ಅಬ್ಸಾರ್ಬರ್ ಬದಲಿಸಿದರೂ ಹೋಗಿಲ್ಲ

ಪ್ರಶ್ನೆ, ನಾಪೋಕ್ಲು ಕಡೆಯಿಂದ

ನಮಸ್ಕಾರ. ನಮ್ಮದು ಹತ್ತು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್, 84,000 ಕಿ.ಮೀ. ಓಡಿದೆ. ಮನೆಯಿಂದ ಟಾರು ರಸ್ತೆ ಸೇರಲು ಒಂದೂವರೆ ಕಿ.ಮೀ. ತೋಟದ ದಾರಿ. ಅರ್ಧ ಕಲ್ಲು, ಅರ್ಧ ಗುಂಡಿ. ಮಳೆಗಾಲ ಮುಗಿದ ಮೇಲೆ ಮುಂದಿನ ಎಡಗಡೆ ಟಕ್‌ಟಕ್ ಸದ್ದು ಶುರುವಾಯಿತು. ಗ್ಯಾರೇಜಿನಲ್ಲಿ ಶಾಕ್ ಹೋಗಿದೆ ಅಂದರು, ಎರಡೂ ಹೊಸದು ಹಾಕಿಸಿದೆ. ವಾಪಸ್ ಮನೆಗೆ ಬರುವಾಗಲೇ ಮತ್ತೆ ಅದೇ ಸದ್ದು. ಈಗ ಸ್ಟೀರಿಂಗ್ ರ್ಯಾಕ್ (ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಗಳಿಗೆ ಮುಟ್ಟಿಸುವ ಭಾಗ) ಬದಲಿಸಬೇಕು ಅನ್ನುತ್ತಿದ್ದಾರೆ. ಅಮ್ಮನನ್ನು ತಿಂಗಳಿಗೊಮ್ಮೆ ಗೋಣಿಕೊಪ್ಪ, ಹುಣಸೂರು ಮೇಲೆ ಮೈಸೂರಿಗೆ ಕರೆದುಕೊಂಡು ಹೋಗಬೇಕು. ಸದ್ದು ಕೇಳಿದ ಕೂಡಲೇ ಅವರು "ಚಕ್ರ ಕಳಚಿಕೊಳ್ಳುತ್ತೆ, ನಿಲ್ಸು" ಅನ್ನುತ್ತಾರೆ. ರ್ಯಾಕ್ ಮಾಡಿಸಿಬಿಡಲಾ?

ಉತ್ತರ, ಕುಶಾಲನಗರ

ಈಗಲೇ ಬೇಡ ಸರ್. ಸದ್ದು ಯಾವಾಗ ಬರುತ್ತೆ ಅಂತ ಮೊದಲು ಹೇಳಿ. ಹಂಪ್ ಹತ್ತುವಾಗಲಾ, ಒಂದೇ ಚಕ್ರ ಗುಂಡಿಗೆ ಇಳಿದಾಗಲಾ? ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಬರುತ್ತಾ? ಕಲ್ಲು ದಾರಿಯಲ್ಲಿ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿದರೆ ನಿಲ್ಲುತ್ತಾ?

ಉತ್ತರ, ವಿರಾಜಪೇಟೆ

ಅದಕ್ಕೂ ಮೊದಲು ಡಿಕ್ಕಿ ಖಾಲಿ ಮಾಡಿ ಓಡಿಸಿ ನೋಡಿ. ಮಾಕುಟ್ಟ ಘಾಟಿ ಇಡೀ ಸಸ್ಪೆನ್ಷನ್ ಹೋಯಿತು ಅಂತ ಬೈದುಕೊಂಡು ಇಳಿದೆ ನಾನು. ಕೊನೆಗೆ ನೋಡಿದರೆ ಸ್ಟೆಪ್ನಿ ಪಕ್ಕದ ಜಾಕ್ ಕುಣಿಯುತ್ತಿತ್ತು.

ಪ್ರಶ್ನೆ ಕೇಳಿದವರು

ಡಿಕ್ಕಿ ಖಾಲಿ ಮಾಡಿದೆ, ಅದಲ್ಲ. 15–20 ವೇಗದಲ್ಲಿ, ಒಂದು ಚಕ್ರ ಮಾತ್ರ ಗುಂಡಿಗೆ ಇಳಿದಾಗ ಜಾಸ್ತಿ. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದರೆ ಬಹಳ ಕಡಿಮೆ. ಬ್ರೇಕ್ ಒತ್ತಿ ಹಿಡಿದರೂ ವ್ಯತ್ಯಾಸ ಇಲ್ಲ. ನಿಂತಲ್ಲಿ ತಿರುಗಿಸಿದರೆ ಏನೂ ಇಲ್ಲ.

ಉತ್ತರ, ಕುಶಾಲನಗರ

ಹಾಗಾದರೆ ನನ್ನ ಅನುಮಾನ ಸ್ಟೆಬಿಲೈಸರ್ ಲಿಂಕ್ ಮೇಲೆ. ಎಡ ಬಲ ಚಕ್ರಗಳನ್ನು ಸೇರಿಸುವ ಬಾರ್ ಇರುತ್ತಲ್ಲ, ಅದರ ತುದಿಯನ್ನು ಶಾಕ್‌ಗೆ ಕಟ್ಟುವ ಗೇಣುದ್ದದ ಕಡ್ಡಿ. ಎರಡೂ ಚಕ್ರ ಒಟ್ಟಿಗೆ ಎದ್ದರೆ ಬಾರ್ ಸುಮ್ನೆ ಜೊತೆಗೆ ಏಳುತ್ತೆ. ಒಂದೇ ಎದ್ದರೆ ತಿರುಚಿಕೊಳ್ಳುತ್ತೆ, ಆಗ ಎಳೆತ ಎಲ್ಲಾ ಲಿಂಕಿನ ಮೇಲೆ. ಸವೆದ ಜಾಯಿಂಟ್ ಅಲ್ಲೇ ಟಕ್ ಅನ್ನುತ್ತೆ. ಕೆಲವು ಚಿಕ್ಕ ಗಾಡಿಗಳಲ್ಲಿ ಈ ಲಿಂಕೇ ಇರುವುದಿಲ್ಲ, ನಿಮ್ಮದರಲ್ಲಿ ಇದೆಯಾ ನೋಡಿಕೊಳ್ಳಿ.

ಶಾಕ್‌ನ ತಲೆಯನ್ನು ಗಾಡಿಯ ಮೈಗೆ ಹಿಡಿದಿರುವ ಸ್ಟ್ರಟ್ ಮೌಂಟ್ ಹೋಗಿದ್ದರೆ ನಿಂತಲ್ಲಿ ತಿರುಗಿಸಿದಾಗಲೇ ಸಾಮಾನ್ಯವಾಗಿ ಕಿರ್ ಅನ್ನುತ್ತೆ. ಬ್ರೇಕ್ ಪ್ಯಾಡ್ ಆಗಿದ್ದರೆ ಬ್ರೇಕ್ ಒತ್ತಿದಾಗ ಸುಮ್ಮನಾಗುತ್ತಿತ್ತು. ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ಕಟಕಟ ಅಂದರೆ ಸಿ.ವಿ. ಜಾಯಿಂಟ್, ಅಂದರೆ ಚಕ್ರವನ್ನು ತಿರುಗಿಸುವ ಆಕ್ಸಲ್ಲಿನ ಜಾಯಿಂಟ್. ರ್ಯಾಕ್ ಕೂಡ ಕಲ್ಲು ದಾರಿಯಲ್ಲಿ ಸದ್ದು ಮಾಡಬಹುದು, ಸುಳ್ಳಲ್ಲ. ಆದರೆ ಆ ಪೆಟ್ಟು ಹೆಚ್ಚಾಗಿ ಸ್ಟೀರಿಂಗ್ ಹಿಡಿದ ಕೈಗೂ ತಿಳಿಯುತ್ತೆ. ಅಗ್ಗದ್ದನ್ನು ಮೊದಲು ನೋಡೋಣ.

ಅಂಗಳದಲ್ಲಿ ಸಮತಟ್ಟಾದ ಕಡೆ ಗಾಡಿ ನಿಲ್ಲಿಸಿ. ಇಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಚಕ್ರದ ಹಿಂದೆ ಕೈ ಹೋಗುತ್ತೆ. ಯಾರಾದರೂ ಗಾಡಿಯ ಮೈಯನ್ನು ಅಕ್ಕಪಕ್ಕ ಅಲ್ಲಾಡಿಸಲಿ. ನೀವು ಲಿಂಕಿನ ಮೇಲಿನ, ಕೆಳಗಿನ ಜಾಯಿಂಟ್ ಹಿಡಿದುಕೊಳ್ಳಿ. ಸವೆದಿದ್ದರೆ ಬೆರಳಿಗೇ ಟಿಕ್ ಅಂತ ತಾಗುತ್ತೆ. ಗಾಡಿ ಅಡಿಗೆ ಮಾತ್ರ ನುಗ್ಗಬೇಡಿ.

ಒಂದೇ ಚಕ್ರ ಜಾಕ್ ಮೇಲೆ ಎತ್ತಿ ನೋಡಿದರೆ ಇದು ಸಿಗುವುದಿಲ್ಲ. ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿಯಾಗಿ ಹಿಡಿದಿರುತ್ತೆ, ಸಡಿಲ ಗೊತ್ತೇ ಆಗಲ್ಲ. ನಿಮ್ಮ ಗ್ಯಾರೇಜಿನವರು ಹಾಗೇ ನೋಡಿರಬೇಕು. ಹಾಂ, ಚಕ್ರವನ್ನು ಕೆಳಗಿನ ಆರ್ಮ್‌ಗೆ ಹಿಡಿದಿರುವ ಬಾಲ್ ಜಾಯಿಂಟ್ ಸಡಿಲ ಇದೆ ಅಂತ ಯಾರಾದರೂ ಹೇಳಿದರೆ ಮಾತ್ರ ಗಾಡಿ ಅಲ್ಲೇ ನಿಲ್ಲಿಸಿ. ಅಮ್ಮ ಹೇಳೋದು ಆಗ ನಿಜ.

ಪ್ರಶ್ನೆ ಕೇಳಿದವರು

ಸಿಕ್ಕಿತು! ಎಡ ಲಿಂಕಿನ ಕೆಳಗಿನ ರಬ್ಬರ್ ಬೂಟ್ ಹರಿದು, ಒಳಗೆಲ್ಲ ಕೆಂಪು ಮಣ್ಣು. ಎರಡೂ ಕಡೆ ಹೊಸ ಲಿಂಕ್ ಹಾಕಿಸಿದೆ. ಟಕ್‌ಟಕ್ ಹೋಯಿತು. ಆದರೆ ಈಗ ಅದರ ಹಿಂದೆ ಅಡಗಿದ್ದ ಇನ್ನೊಂದು ಕೇಳಿಸುತ್ತಿದೆ. ಬ್ರೇಕ್ ಹಾಕಿದಾಗ ಒಂದೇ ಸಲ 'ಧಡ್'.

ಉತ್ತರ, ಕುಶಾಲನಗರ

ಅದು ಲೋಯರ್ ಆರ್ಮ್ ಬುಶ್ ಇರಬೇಕು, ಚಕ್ರವನ್ನು ಗಾಡಿಯ ಮೈಗೆ ಸೇರಿಸುವ ಕೆಳಗಿನ ಆರ್ಮಿನ ಬುಡದಲ್ಲಿರುವ ರಬ್ಬರ್. ಹಿಂದೆ ಬದಲಿಸಿದ್ದೀರಾ?

ಪ್ರಶ್ನೆ ಕೇಳಿದವರು

ಹೋದ ವರ್ಷವಷ್ಟೇ. ಇಷ್ಟು ಬೇಗ ಹೋಗುತ್ತಾ?

ಉತ್ತರ, ಕುಶಾಲನಗರ

ಬಿಗಿ ಮಾಡುವಾಗ ಚಕ್ರ ಗಾಳಿಯಲ್ಲಿ ನೇತಾಡುತ್ತಿದ್ದರೆ ಹೋಗುತ್ತೆ. ಬುಶ್ಶಿನ ಒಳಗಿನ ಕಬ್ಬಿಣದ ಕೊಳವೆಯನ್ನು ಬೋಲ್ಟ್ ಗಟ್ಟಿಯಾಗಿ ಹಿಡಿದುಬಿಡುತ್ತೆ. ಆಮೇಲೆ ಗಾಡಿ ಕೆಳಗಿಳಿಸಿದರೆ ಆರ್ಮ್ ಮೇಲೆ ಬರುತ್ತೆ, ರಬ್ಬರ್ ತಿರುಚಿಕೊಂಡೇ ಉಳಿಯುತ್ತೆ. ನಿಂತಾಗಲೂ, ಓಡುವಾಗಲೂ. ತೋಟದ ದಾರಿಯಲ್ಲಿ ಬೇಗ ಹರಿಯದೆ ಏನು ಮಾಡೀತು? ಬೋಲ್ಟನ್ನು ಕೈಬಿಗಿಯಲ್ಲಿ ಬಿಟ್ಟು, ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ ಗ್ಯಾರೇಜಿನ ಗುಂಡಿ ಅಥವಾ ರ್ಯಾಂಪ್ ಮೇಲೆ ಕೊನೆಯ ಬಿಗಿ ಕೊಡಬೇಕು. ಎದುರಿಗೆ ನಿಂತು ಮಾಡಿಸಿ, ಗ್ಯಾರೇಜಿನವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಆಮೇಲೆ ಅಲೈನ್‌ಮೆಂಟ್ ಮರೆಯಬೇಡಿ.

ಪ್ರಶ್ನೆ ಕೇಳಿದವರು

ಹಾಗೇ ಮಾಡಿಸಿದೆ. ಹಳೇ ಬುಶ್ ಒಂದು ಪಕ್ಕ ಪೂರ್ತಿ ಸೀಳಿತ್ತು. ನಿನ್ನೆ ಮೈಸೂರಿಗೆ ಹೋಗಿ ಬಂದೆವು, ತಿತಿಮತಿ ದಾಟುವಾಗ ಅಮ್ಮ ನಿದ್ದೆ. ರ್ಯಾಕ್ ಮುಟ್ಟಲೇ ಇಲ್ಲ. ಒಂದೇ ಒಂದು ಹೊಟ್ಟೆಉರಿ. ಮೊದಲು ಬಿಚ್ಚಿಸಿದ ಹಳೇ ಶಾಕ್‌ಗಳನ್ನು ನೋಡಿದೆ, ಎಣ್ಣೆ ಸೋರಿದ ಗುರುತೇ ಇಲ್ಲ. ಏನು ಮಾಡಲಿ ಇವನ್ನು?

ಉತ್ತರ, ವಿರಾಜಪೇಟೆ

ಒರೆಸಿ, ಒಣಗಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ, ಮಲಗಿಸಬೇಡಿ. ಡಿಕ್ಕಿಯಲ್ಲಂತೂ ಇಡಲೇಬೇಡಿ, ಮತ್ತೆ ಸದ್ದು ಅಂತ ಇಲ್ಲಿಗೇ ಬರುತ್ತೀರಿ.