ಸ್ಲೀವ್ ಶಸ್ತ್ರಚಿಕಿತ್ಸೆಯಾಗಿ ಮೂರು ವರ್ಷದ ನಂತರ ಹಸಿವು ಮರಳಿದೆ, ತೂಕವೂ ಏರುತ್ತಿದೆ. ಏನು ಮಾಡಬೇಕು?

ನವನಗರದ ಶಿಕ್ಷಕಿ, ಬಾಗಲಕೋಟೆ:

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ಮೂರು ವರ್ಷಗಳ ಹಿಂದೆ ಬೆಳಗಾವಿಯಲ್ಲಿ, ಜಠರವನ್ನು ಕತ್ತರಿಸಿ ಸಣ್ಣದು ಮಾಡಿ ತೂಕ ಇಳಿಸುವ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಆಗ 112 ಕಿಲೋ ಇದ್ದ ತೂಕ ಒಂದೂವರೆ ವರ್ಷದಲ್ಲಿ 74ಕ್ಕೆ ಇಳಿಯಿತು, ಸಕ್ಕರೆ ಕಾಯಿಲೆಯ ಗುಳಿಗೆಗಳು ನಿಂತವು, ಮೊಣಕಾಲು ನೋವೂ ಕಡಿಮೆಯಾಯಿತು. ಮೊದಲ ವರ್ಷ ಹಸಿವೆಂಬುದೇ ಇರಲಿಲ್ಲ. ಊಟದ ಹೊತ್ತನ್ನು ಗಡಿಯಾರ ನೋಡಿ ನೆನಪಿಸಿಕೊಳ್ಳಬೇಕಾಗಿತ್ತು.

ಈಗ ಹಾಗಿಲ್ಲ. ಬೆಳಿಗ್ಗೆ ಅವಲಕ್ಕಿ ತಿಂದು, ಚಹಾ ಕುಡಿದು ಶಾಲೆಗೆ ಹೋದರೆ ಹನ್ನೊಂದರ ಹೊತ್ತಿಗೆ ಕೈ ಸಣ್ಣಗೆ ನಡುಗುವಷ್ಟು ಹಸಿವಾಗುತ್ತದೆ. ಸಂಜೆ ಮನೆಗೆ ಬಂದ ಮೇಲೆ ಚಹಾ, ಟೋಸ್ಟು, ಚುರಮುರಿ ಎಂದು ರಾತ್ರಿಯ ಊಟದವರೆಗೂ ಏನಾದರೊಂದು ಬೇಕೆನಿಸುತ್ತಲೇ ಇರುತ್ತದೆ. ತೂಕ 82ಕ್ಕೆ ಬಂದಿದೆ. "ಅಷ್ಟ ರೊಕ್ಕಾ ಹಾಕಿ ಹೊಟ್ಟಿ ಕೊಯ್ಸಿಕೊಂಡು ಮತ್ತ ಹಂಗ ಆಗಾಕತ್ತಿಯಲ್ಲ" ಎಂದು ಮನೆಯಲ್ಲಿ ಅನ್ನುತ್ತಾರೆ. ವೈದ್ಯರೂ ಹೀಗೆಯೇ ಅಂದಾರು ಎಂಬ ಸಂಕೋಚದಿಂದ ತಪಾಸಣೆಗೂ ಹೋಗಿಲ್ಲ. ಕತ್ತರಿಸಿದ ಜಠರ ಮತ್ತೆ ಹಿಗ್ಗಿರಬಹುದೇ? ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗುತ್ತದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಗುಮ್ಮಟನಗರಿ, ವಿಜಯಪುರ:

ಅಕ್ಕಾವರೇ, ಇದೇ ಶಸ್ತ್ರಚಿಕಿತ್ಸೆ ನನಗೂ ಆಗಿದೆ, ನಿಮಗಿಂತ ಕೆಲವು ವರ್ಷ ಮೊದಲು. ಹಸಿವು ನನಗೂ ಮರಳಿತ್ತು, ತೂಕವೂ ಒಂದಿಷ್ಟು ಏರಿ ನಿಂತಿತು. ಗಾಬರಿಯಾಗಬೇಡಿರಿ.

ಎಷ್ಟು ತಿನ್ನುತ್ತೇವೆ ಎಂಬುದನ್ನು ಆಮೇಲೆ ನೋಡೋಣ, ಎಂಥದ್ದನ್ನು ತಿನ್ನುತ್ತೇವೆ ಎಂಬುದನ್ನು ಮೊದಲು ನೋಡಬೇಕು. ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ನಮಗೆ ಮೆತ್ತನೆಯ ಆಹಾರವನ್ನೇ ಹೇಳಿರುತ್ತಾರೆ. ಮನೆಯವರು ಅಕ್ಕರೆಯಿಂದ ಹಾಲಿನಲ್ಲಿ ರೊಟ್ಟಿ ನೆನೆಸಿ, ಅನ್ನಕ್ಕೆ ಸಾರು ಹಾಕಿ ಕಲಸಿ ಕೊಡುತ್ತಾರೆ, ಅದು ಸಲೀಸಾಗಿ ಇಳಿಯುವುದರಿಂದ ಆ ವಾರಗಳು ಕಳೆದ ಮೇಲೂ ಅದೇ ರೂಢಿಯಾಗಿ ಉಳಿದುಬಿಡುತ್ತದೆ. ಮೆತ್ತಗಿರುವುದು ಆ ಸಣ್ಣ ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲದೆ ಕರುಳಿಗೆ ಜಾರುತ್ತದೆ. ಸೂಸಲಾ, ಸಜ್ಜಕ, ಚಹಾದಲ್ಲಿ ಅದ್ದಿದ ಖಾರಿ, ಟೋಸ್ಟು ಇವೆಲ್ಲ ಆ ಗುಂಪಿನವೇ. ತಿಂದದ್ದು ಬಹಳವಾಗುತ್ತದೆ, ಹೊಟ್ಟೆ ಮಾತ್ರ ತುಂಬಿದ ಹಾಗೆ ಆಗುವುದಿಲ್ಲ.

ನನ್ನ ಮಧ್ಯಾಹ್ನದ ತಾಟಿನಲ್ಲಿ ಮೊದಲು ಒಂದು ಸಣ್ಣ ಬಟ್ಟಲು ಮಡಕಿಕಾಳಿನ ಗಟ್ಟಿ ಪಲ್ಯವಿರುತ್ತದೆ. ಅದು ಮುಗಿದ ಮೇಲೆಯೇ ಅರ್ಧ ಖಡಕ್ ರೊಟ್ಟಿಯನ್ನು ಚೂರು ಮಾಡಿ, ಸಾರಿನಲ್ಲಿ ಅದ್ದದೆ, ಗಟ್ಟಿ ಮೊಸರು ಮತ್ತು ಹಸಿ ಮೆಂತ್ಯೆಸೊಪ್ಪಿನ ಜೊತೆಗೆ ತಿನ್ನುತ್ತೇನೆ. ಖಡಕ್ ರೊಟ್ಟಿಯ ಚೂರನ್ನು ಬಾಯಲ್ಲಿ ಹಿಟ್ಟಾಗುವವರೆಗೆ ಅಗಿಯದೆ ನುಂಗಲು ಬರುವುದಿಲ್ಲವಾದ್ದರಿಂದ ಊಟ ತಾನಾಗಿಯೇ ನಿಧಾನವಾಗುತ್ತದೆ, ಎದೆಯ ಕೆಳಗೆ ಬಿಗಿಯುವುದು ಸ್ಪಷ್ಟವಾಗಿ ತಿಳಿಯುತ್ತದೆ, ಅಲ್ಲಿಗೆ ನಿಲ್ಲಿಸುತ್ತೇನೆ. ನೀರು ಕುಡಿಯುವುದು ಅರ್ಧ ತಾಸು ಬಿಟ್ಟು. ಶೇಂಗಾ ಹಿಂಡಿಯನ್ನು ಚಮಚದಲ್ಲಿ ಅಳೆದೇ ಹಾಕಿಕೊಳ್ಳಿರಿ. ನೂರು ಗ್ರಾಂ ಶೇಂಗಾದಲ್ಲಿ 550ಕ್ಕೂ ಹೆಚ್ಚು ಕ್ಯಾಲರಿ ಇದೆ. ಅಮೀನಗಡದ ಕರದಂಟಿನ ಊರು ನಿಮಗೆ ಹತ್ತಿರ, ಅದರ ವಿಷಯದಲ್ಲಿಯೂ ಇದೇ ಎಚ್ಚರ ಬೇಕು.

ಆಹಾರತಜ್ಞೆ, ಬೆಳಗಾವಿ:

ಶಿಕ್ಷಕಿಯವರೇ, ಮೇಲಿನವರು ಊಟದ ಬಗ್ಗೆ ಹೇಳಿದ್ದು ಸರಿಯಾಗಿದೆ. ನಾನು ದೇಹದ ಒಳಗೆ ನಡೆಯುವುದನ್ನು ಹೇಳುತ್ತೇನೆ, ಏಕೆಂದರೆ ಅದು ಗೊತ್ತಾದರೆ ನಿಮ್ಮ ಸಂಕೋಚ ಕಡಿಮೆಯಾದೀತು.

ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚು ಭಾಗವನ್ನು ತೆಗೆಯುತ್ತಾರೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಆ ಭಾಗವೇ ಹೋಗುವುದರಿಂದ ಮೊದಲ ವರ್ಷ ಹಸಿವು ಮಂಕಾಗಿರುತ್ತದೆ. ಆದರೆ ತೂಕ ಇಳಿದಂತೆಲ್ಲ ದೇಹವು ಕಳೆದುಕೊಂಡದ್ದನ್ನು ಮರಳಿ ಪಡೆಯಲು ಹೊರಡುತ್ತದೆ: ಹಸಿವಿನ ಸಂಕೇತಗಳು ಬಲವಾಗುತ್ತವೆ, ಸುಮ್ಮನೆ ಕುಳಿತಾಗ ಖರ್ಚಾಗುವ ಕ್ಯಾಲರಿಯೂ ತಗ್ಗುತ್ತದೆ. ಇದು ನಿಮ್ಮ ನಾಲಿಗೆಯ ಚಪಲವಲ್ಲ ಎಂಬುದನ್ನು ಮನೆಯವರಿಗೂ ಓದಿಸಿರಿ.

1987ರಲ್ಲಿ ಆರಂಭವಾದ ಸ್ವೀಡನ್ನಿನ ದೀರ್ಘ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯಾದವರ ತೂಕ ಎರಡನೆಯ ವರ್ಷಕ್ಕೆ ಸರಾಸರಿ ಶೇ. 23ರಷ್ಟು ಇಳಿದಿದ್ದು, ಹತ್ತನೆಯ ವರ್ಷಕ್ಕೆ ಆ ಇಳಿಕೆ ಶೇ. 17ರಷ್ಟಾಗಿತ್ತು. ಅಲ್ಲಿ ನಡೆದದ್ದು ಸ್ಲೀವ್ ಅಲ್ಲ, ಬೇರೆ ವಿಧಾನಗಳು. ಆದರೂ ಸ್ವಲ್ಪ ತೂಕ ಮರಳುವುದು ಎಷ್ಟು ಸಾಮಾನ್ಯವೆಂಬುದು ಅದರಿಂದ ತಿಳಿಯುತ್ತದೆ. ನೀವು ಈಗಲೂ ಮೊದಲಿನ ತೂಕಕ್ಕಿಂತ 30 ಕಿಲೋ, ಅಂದರೆ ಸುಮಾರು ಶೇ. 27ರಷ್ಟು ಕೆಳಗಿದ್ದೀರಿ.

ಹನ್ನೊಂದರ ಹೊತ್ತಿಗೆ ಕೈ ನಡುಗುವುದನ್ನು ಮಾತ್ರ ಹಗುರವಾಗಿ ಎಣಿಸಬೇಡಿರಿ. ಸಿಹಿ ಚಹಾ, ಅವಲಕ್ಕಿಯಂಥ ಬೇಗ ಜೀರ್ಣವಾಗುವ ಆಹಾರ ಕರುಳಿಗೆ ಒಮ್ಮೆಲೇ ಇಳಿದರೆ ಇನ್ಸುಲಿನ್ ಅತಿಯಾಗಿ ಹೊರಬಂದು, ಒಂದರಿಂದ ಮೂರು ತಾಸಿನೊಳಗೆ ರಕ್ತದ ಸಕ್ಕರೆ ಕುಸಿಯಬಹುದು. ನಡುಕ, ಬೆವರು, ತಡೆಯಲಾರದ ಹಸಿವು ಅದರ ಲಕ್ಷಣಗಳು. ಆ ಹೊತ್ತಿನಲ್ಲಿಯೇ ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಿ ಬರೆದಿಟ್ಟುಕೊಳ್ಳಿರಿ. ಬೆಳಿಗ್ಗೆ ಅವಲಕ್ಕಿಯ ಬದಲು ಎರಡು ಮೊಟ್ಟೆ, ತಿನ್ನದವರಾದರೆ ಪನ್ನೀರು ಅಥವಾ ಗಟ್ಟಿಯಾದ ಜುಣಕ ತೆಗೆದುಕೊಳ್ಳಿರಿ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ ಮಾತ್ರವಾದ್ದರಿಂದ ಪ್ರತಿ ಊಟದಲ್ಲಿಯೂ ಇದನ್ನು ಯೋಚಿಸಿಯೇ ತುಂಬಿಸಬೇಕಾಗುತ್ತದೆ.

ಜಠರ ಹಿಗ್ಗಿದೆಯೇ ಎಂಬುದನ್ನು ಬೇರಿಯಂ ಎಕ್ಸ್‌ರೇ ಅಥವಾ ಎಂಡೋಸ್ಕೋಪಿ ನೋಡಿಯೇ ಹೇಳಬೇಕು. ಎರಡನೆಯ ಶಸ್ತ್ರಚಿಕಿತ್ಸೆಯ ಮಾತು ಅದಾದ ಮೇಲಿನದು, ಕೆಲವರಿಗೆ ಮಾತ್ರ ಅದರ ಅಗತ್ಯ ಬೀಳುತ್ತದೆ. ಅದಕ್ಕೂ ಮೊದಲು ಥೈರಾಯ್ಡ್ ಪರೀಕ್ಷೆಯಾಗಲಿ. ಸ್ಟೀರಾಯ್ಡಿನಂಥ ತೂಕ ಹೆಚ್ಚಿಸುವ ಗುಳಿಗೆಗಳನ್ನೇನಾದರೂ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಿರಿ.

ನವನಗರದ ಶಿಕ್ಷಕಿ, ಬಾಗಲಕೋಟೆ:

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಇನ್ನೊಂದು ಸಂಗತಿ: ರಾತ್ರಿ ಮಲಗಿದಾಗ ಹೊಟ್ಟೆಯ ಮೇಲ್ಭಾಗದಲ್ಲಿ ಸುಡುವಂತಾಗಿ, ಏನಾದರೂ ತಿಂದರೆ ತಣ್ಣಗಾಗುತ್ತದೆ. ಅದನ್ನೂ ಹಸಿವೆಂದು ತಿಳಿದು ಹಾಲು, ಬಿಸ್ಕಿಟ್ ತೆಗೆದುಕೊಳ್ಳುತ್ತೇನೆ. ತೂಕ ಇಳಿಸುವ ಚುಚ್ಚುಮದ್ದಿನ ಬಗ್ಗೆಯೂ ಸಹೋದ್ಯೋಗಿಗಳು ಹೇಳುತ್ತಿದ್ದಾರೆ.

ಆಹಾರತಜ್ಞೆ, ಬೆಳಗಾವಿ:

ಅದು ಆಮ್ಲದ ಉರಿಯಾಗಿರುವ ಸಾಧ್ಯತೆ ಹೆಚ್ಚು. ಸ್ಲೀವ್ ಆದವರಲ್ಲಿ ಆಮ್ಲ ಮೇಲಕ್ಕೆ ಬರುವುದು ಸಾಮಾನ್ಯ, ಆ ಉರಿಯನ್ನು ಹಸಿವೆಂದು ಭಾವಿಸುವವರು ಬಹಳ ಜನ. ವೈದ್ಯರು ಇದಕ್ಕೆ ಗುಳಿಗೆ ಕೊಡುತ್ತಾರೆ. ರಾತ್ರಿಯ ಊಟಕ್ಕೂ ಮಲಗುವುದಕ್ಕೂ ನಡುವೆ ಎರಡು ಮೂರು ತಾಸು ಇರಲಿ.

ಚುಚ್ಚುಮದ್ದುಗಳ ಬಗ್ಗೆ ಹೇಳುವುದಾದರೆ, ಸೆಮಾಗ್ಲುಟೈಡ್ ಮತ್ತು ಟಿರ್ಜೆಪಟೈಡ್ ಹಸಿವನ್ನು ನಿಜವಾಗಿಯೂ ತಗ್ಗಿಸುತ್ತವೆ, ಶಸ್ತ್ರಚಿಕಿತ್ಸೆಯ ನಂತರ ತೂಕ ಮರಳಿದವರಿಗೂ ವೈದ್ಯರು ಇವನ್ನು ಬಳಸುತ್ತಾರೆ. ಆದರೆ ವಾಕರಿಕೆ, ವಾಂತಿ ಕಾಣಿಸಿಕೊಂಡರೆ ಮೊದಲೇ ಕಡಿಮೆ ತಿನ್ನುವ ನಿಮ್ಮಂಥವರಿಗೆ ಪ್ರೋಟೀನು ಇನ್ನೂ ಕಡಿಮೆ ಬೀಳುತ್ತದೆ, ಔಷಧ ನಿಲ್ಲಿಸಿದರೆ ತೂಕ ಮರಳುವುದೂ ಉಂಟು. ಸಹೋದ್ಯೋಗಿಗಳ ಮಾತಿನ ಮೇಲೆ ಅಂಗಡಿಯಿಂದ ತರಬೇಡಿರಿ.

ಜಮಖಂಡಿಯವ:

ನನ್ನ ಹೆಂಡತಿಗೂ ಈ ಶಸ್ತ್ರಚಿಕಿತ್ಸೆಯಾಗಿದೆ. ಮನೆಯವರಿಗೆ ಒಂದು ವಿನಂತಿ ಮಾಡುತ್ತೇನೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋದಾಗ ಶೇಂಗಾ ಹೋಳಿಗೆಯನ್ನು "ಒಂದರ ತಿನ್ನ" ಎಂದು ಒತ್ತಾಯ ಮಾಡಿ ಬಡಿಸುವವರೂ ನಾವೇ, ಮುಂದಿನ ತಿಂಗಳು "ದಪ್ಪ ಆಗಾಕತ್ತಿ" ಎನ್ನುವವರೂ ನಾವೇ. ನಮ್ಮ ಮನೆಯಲ್ಲಿ ಆ ಎರಡೂ ಮಾತುಗಳನ್ನು ಬಿಟ್ಟಿದ್ದೇವೆ. ಟೋಸ್ಟು, ಖಾರಿಗಳನ್ನು ತರುವುದನ್ನು ಮನೆಯ ಎಲ್ಲರಿಗೂ ಸೇರಿಸಿಯೇ ನಿಲ್ಲಿಸಿದ್ದೇವೆ, ಸಂಜೆ ಗುಗ್ಗರಿ ಮಾಡುತ್ತೇವೆ. ತಪಾಸಣೆಗೆ ಹೋಗುವಾಗ ಜೊತೆಗೆ ನಾನೂ ಹೋಗುತ್ತೇನೆ.

ಆಹಾರತಜ್ಞೆ, ಬೆಳಗಾವಿ:

ಶಿಕ್ಷಕಿಯವರೇ, ಹೋಗುವಾಗ ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಕಾಗದ, ಒಂದು ವಾರ ತಿಂದದ್ದರ ಮತ್ತು ಹೊತ್ತಿನ ಬರಹ, ಹನ್ನೊಂದು ಗಂಟೆಯ ಸಕ್ಕರೆಯ ಅಂಕಿಗಳು, ಈಗ ನುಂಗುತ್ತಿರುವ ಗುಳಿಗೆಗಳ ಪಟ್ಟಿ ಒಯ್ಯಿರಿ. ಬಿ12, ಕಬ್ಬಿಣಾಂಶ, ಡಿ ಜೀವಸತ್ವ ಮತ್ತು ಮೂರು ತಿಂಗಳ ಸರಾಸರಿ ಸಕ್ಕರೆಯ ರಕ್ತಪರೀಕ್ಷೆಗಳನ್ನು ಅದೇ ದಿನ ಮಾಡಿಸಲು ಕೇಳಿರಿ.