ಬೋರ್‌ವೆಲ್ ನೀರಿನಲ್ಲಿ ನೊರೆ ನಿಲ್ಲುತ್ತಿಲ್ಲ: ಕ್ರೀಮು, ಸಾಬೂನು, ಫೋಮುಗಳಲ್ಲಿ ಯಾವುದನ್ನು ಆರಿಸಬೇಕು?

ಹೊಸಬಡಾವಣೆ (ಪ್ರಶ್ನೆ)

ಮೈಸೂರಿನಲ್ಲಿದ್ದ 14 ವರ್ಷವೂ ಒಂದೇ ಬಗೆಯ ಟ್ಯೂಬ್ ಕ್ರೀಮು, ಒಂದೇ ಬ್ರಷ್ಷು ಮತ್ತು ಎರಡಂಚಿನ ಬ್ಲೇಡ್ ಹಾಕುವ ರೇಜರಿನಿಂದ ಗಡ್ಡ ತೆಗೆದುಕೊಳ್ಳುತ್ತಿದ್ದೆ. ಅದರ ಬಗ್ಗೆ ಯೋಚಿಸಬೇಕಾದ ಪ್ರಸಂಗವೇ ಬಂದಿರಲಿಲ್ಲ. ಕಳೆದ ಜನವರಿಯಲ್ಲಿ ಬೆಂಗಳೂರಿನ ಹೊರವಲಯದ ಬಡಾವಣೆಯೊಂದಕ್ಕೆ ಮನೆ ಬದಲಾಯಿಸಿದ ಮೇಲೆ ಅದೇ ಕ್ರೀಮು ಕೈಕೊಡತೊಡಗಿದೆ. ಎಡಗೆನ್ನೆಯನ್ನು ಮುಗಿಸಿ ಬಲಗೆನ್ನೆಗೆ ಬರುವಷ್ಟರಲ್ಲಿ ನೊರೆ ಇಂಗಿಹೋಗಿ, ಚರ್ಮದ ಮೇಲೆ ಸುಣ್ಣ ಬಳಿದಂತೆ ತೆಳ್ಳನೆಯ ಬಿಳಿ ಪದರವೊಂದೇ ಉಳಿದಿರುತ್ತದೆ. ಇಲ್ಲಿಗೆ ಕಾವೇರಿ ನೀರಿನ ಸಂಪರ್ಕ ಇನ್ನೂ ಬಂದಿಲ್ಲ, ಬೋರ್‌ವೆಲ್ಲೇ ಗತಿ. ಬೇಳೆ ಬೇಗ ಬೇಯುವುದಿಲ್ಲವೆಂದು ಮನೆಯಲ್ಲಿ ದಿನವೂ ದೂರು ಕೇಳುತ್ತಿದ್ದೇನೆ.

ಬೇಸತ್ತು ಡಬ್ಬಿಯ ಫೋಮ್ ತಂದೆ. ನೊರೆಯೇನೋ ಮೊದಲಿನಿಂದ ಕೊನೆಯವರೆಗೂ ನಿಂತಿತು, ಆದರೆ ಅರ್ಧ ಗಂಟೆ ಕಳೆಯುವುದರೊಳಗೆ ಮುಖ ಬಿಗಿದುಕೊಂಡು, ಕುತ್ತಿಗೆಯಲ್ಲಿ ಕೆಂಪು ಗುಳ್ಳೆಗಳು ಏಳುತ್ತವೆ. ಸಹೋದ್ಯೋಗಿಯೊಬ್ಬರು ಇಟಲಿಯ ಸಾಬೂನನ್ನು ತರಿಸಿಕೊಳ್ಳಿ ಎನ್ನುತ್ತಾರೆ; ಬೆಲೆ ನನ್ನ ಟ್ಯೂಬಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಅಷ್ಟು ಖರ್ಚು ಮಾಡುವುದು ಉಚಿತವೇ? ನಮ್ಮದು ಸಸ್ಯಾಹಾರಿ ಮನೆಯಾದ್ದರಿಂದ ಸಾಬೂನಿನಲ್ಲಿ ಪ್ರಾಣಿಗಳ ಕೊಬ್ಬು ಇದೆಯೇ ಎಂಬುದನ್ನು ಹೇಗೆ ತಿಳಿಯಬೇಕೆಂಬುದನ್ನೂ ದಯವಿಟ್ಟು ಹೇಳಿ.

ನೊರೆಗಾರ

ಸಾಬೂನು ಕೊಳ್ಳುವ ಮೊದಲು ನೀರನ್ನು ಪರೀಕ್ಷಿಸಿ. ಒಂದೇ ಅಳತೆಯ ಎರಡು ಖಾಲಿ ಬಾಟಲಿಗಳನ್ನು ತೆಗೆದುಕೊಂಡು ಒಂದಕ್ಕೆ ಬೋರ್‌ವೆಲ್ ನೀರನ್ನೂ ಇನ್ನೊಂದಕ್ಕೆ ಅಡುಗೆಮನೆಯ ಆರ್‌ಒ ಫಿಲ್ಟರಿನ ನೀರನ್ನೂ ಅರ್ಧದಷ್ಟು ತುಂಬಿ, ಸ್ನಾನದ ಸಾಬೂನನ್ನು ಚಾಕುವಿನಿಂದ ಹೆರೆದು, ಎರಡಕ್ಕೂ ಒಂದೊಂದು ಚಿಟಿಕೆ ಹಾಕಿ ಚೆನ್ನಾಗಿ ಕುಲುಕಿರಿ. ಫಿಲ್ಟರ್ ನೀರಿನ ಮೇಲೆ ನೊರೆ ನಿಂತು, ಬೋರ್‌ವೆಲ್ ನೀರು ಒಡೆದ ಹಾಲಿನಂತೆ ಕದಡಿಕೊಂಡರೆ ನಿಮ್ಮ ಕ್ರೀಮಿನದು ಏನೂ ತಪ್ಪಿಲ್ಲ. ಪಾತ್ರೆ ತೊಳೆಯುವ ದ್ರವವನ್ನು ಮಾತ್ರ ಈ ಪರೀಕ್ಷೆಗೆ ಬಳಸಬೇಡಿ. ಅದು ಸಾಬೂನಲ್ಲ, ಡಿಟರ್ಜೆಂಟು, ಗಡಸು ನೀರಿನಲ್ಲೂ ನೊರೆ ಕೊಡುತ್ತದೆ.

ಇದಕ್ಕೆ ಕಾರಣ ಇಷ್ಟೇ. ಶೇವಿಂಗ್ ಸಾಬೂನೂ ಕ್ರೀಮೂ ಮೂಲತಃ ಒಂದೇ ವಸ್ತು: ಸ್ಟಿಯರಿಕ್ ಆಮ್ಲದಂಥ ಕೊಬ್ಬಿನ ಆಮ್ಲಗಳು ಕ್ಷಾರದೊಂದಿಗೆ ಸೇರಿ ಆದ ಲವಣ. ಸ್ನಾನದ ಸಾಬೂನಿಗೆ ಸಾಮಾನ್ಯವಾಗಿ ಸೋಡಿಯಂ ಹೈಡ್ರಾಕ್ಸೈಡ್ ಬಳಸುವುದರಿಂದ ಅದು ಗಟ್ಟಿಯಾಗಿರುತ್ತದೆ. ಶೇವಿಂಗಿನದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನೇ ಹೆಚ್ಚಾಗಿ ಬಳಸುವುದರಿಂದ ಅದು ಮೆದುವಾಗಿ, ನೀರಿನಲ್ಲಿ ಬೇಗ ಕರಗಿ, ಒತ್ತಾದ ನೊರೆ ಕೊಡುತ್ತದೆ. ಮೈಸೂರು ಸ್ಯಾಂಡಲ್ ಎಷ್ಟೇ ಘಮಘಮಿಸಿದರೂ ಗಡ್ಡಕ್ಕೆ ಹಚ್ಚಿದಾಗ ಅದರ ನೊರೆ ಬೇಗನೆ ಒಣಗುವುದು ಇದೇ ಕಾರಣಕ್ಕೆ. ಈಗ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳು ಈ ಕೊಬ್ಬಿನ ಆಮ್ಲಗಳನ್ನು ಹಿಡಿದು, ನೀರಿನಲ್ಲಿ ಕರಗದ ಜಿಡ್ಡನ್ನಾಗಿ ಮಾಡಿಬಿಡುತ್ತವೆ. ಬಕೆಟ್ಟಿನ ಒಳಮೈಗೆ ಬೆರಳಿಟ್ಟು ಉಜ್ಜಿದರೆ ಉಗುರಿನಡಿ ಸೇರುವ ಬಿಳಿ ಜಿಡ್ಡು ಇದೆಯಲ್ಲ, ಅದೇ ನಿಮ್ಮ ಕೆನ್ನೆಯ ಮೇಲೂ ಕೂರುತ್ತಿದೆ. ನೀವು ಹಾಕಿದ ಕ್ರೀಮಿನ ಒಂದು ಪಾಲು ಸುಣ್ಣಕ್ಕೆ ಬಲಿಯಾಗಿ, ಉಳಿದದ್ದಷ್ಟೇ ನೊರೆಯಾಗುತ್ತದೆ. ಇಟಲಿಯ ಸಾಬೂನಿಗೂ ಈ ಲೆಕ್ಕದಿಂದ ವಿನಾಯಿತಿಯಿಲ್ಲ.

ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500ರಲ್ಲಿ ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಒಪ್ಪಿತ ಮಿತಿಯಾಗಿದ್ದು, ಬೇರೆ ನೀರಿನ ಮೂಲವೇ ಇಲ್ಲದಿದ್ದಾಗ 600ರವರೆಗೂ ಅವಕಾಶವಿದೆ. ಅಂದರೆ ಕುಡಿಯಲು ಅಡ್ಡಿಯಿಲ್ಲವೆನಿಸಿಕೊಂಡ ನೀರೂ ನೊರೆಯ ಪಾಲಿಗೆ ಶತ್ರುವಾಗಿರಬಹುದು. ಇಲ್ಲೊಂದು ಎಚ್ಚರಿಕೆ: ಫಿಲ್ಟರ್ ಮಾರುವವರು ಪೆನ್ನಿನಂಥ ಉಪಕರಣವನ್ನು ಲೋಟದಲ್ಲಿ ಅದ್ದಿ ತೋರಿಸುವ ಟಿಡಿಎಸ್ (ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಪ್ರಮಾಣ) ಅಂಕಿಯೇ ಗಡಸುತನವಲ್ಲ. ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್ ಯಂತ್ರವು ಕ್ಯಾಲ್ಸಿಯಮ್ಮನ್ನು ತೆಗೆದು ಅದರ ಜಾಗಕ್ಕೆ ಸೋಡಿಯಂ ಕೊಡುತ್ತದೆ; ಟಿಡಿಎಸ್ ಹೆಚ್ಚು ಬದಲಾಗದಿದ್ದರೂ ನೀರು ಮೆದುವಾಗಿರುತ್ತದೆ.

ಆದ್ದರಿಂದ ಈಗಿರುವ ಟ್ಯೂಬನ್ನೇ ಬಳಸಿ, ಆದರೆ ಒಂದು ಚೊಂಬು ಫಿಲ್ಟರ್ ನೀರನ್ನು ಉಗುರುಬೆಚ್ಚಗೆ ಕಾಯಿಸಿಕೊಂಡು ಬಚ್ಚಲಿಗೆ ಒಯ್ಯಿರಿ. ಮಳೆಗಾಲದಲ್ಲಿ ತಾರಸಿಯಿಂದ ಹಿಡಿದ ನೀರು ಇದಕ್ಕಿಂತಲೂ ಒಳ್ಳೆಯದು. ಬ್ರಷ್ಷನ್ನು ಅದ್ದಿ ಕೊಡವಿ, ಕಡಲೆಕಾಯಿ ಬೀಜದಷ್ಟು ಕ್ರೀಮು ಹಚ್ಚಿ, ಬಟ್ಟಲಿನಲ್ಲಿ ತಿರುವುತ್ತಾ ನೀರನ್ನು ಹನಿಹನಿಯಾಗಿ ಸೇರಿಸುತ್ತ ಹೋಗಿ. ಫಿಲ್ಟರ್ ಕಾಫಿಯ ಮೇಲಿನ ನೊರೆಯಂತೆ ದೊಡ್ಡ ಗುಳ್ಳೆಗಳು ಕಂಡರೆ ನೊರೆ ಇನ್ನೂ ಆಗಿಲ್ಲವೆಂದೇ ಅರ್ಥ. ಕಡೆದ ಗಟ್ಟಿ ಮೊಸರಿನಂತೆ ಹೊಳಪು ಬಂದು, ಬ್ರಷ್ಷನ್ನು ಎತ್ತಿದಾಗ ತುದಿ ಬಾಗಿ ನಿಲ್ಲಬೇಕು.

ಡಬ್ಬಿಯ ಒಳಗೆ

ಮೇಲಿನವರ ಮಾತಿಗೆ ಫೋಮಿನ ವಿಚಾರವನ್ನಷ್ಟೇ ಸೇರಿಸುತ್ತೇನೆ. ಡಬ್ಬಿಯ ಫೋಮು ಬೋರ್‌ವೆಲ್ ಮನೆಯಲ್ಲೂ ಕೆಡದಿರುವುದಕ್ಕೆ ಕಾರಣ, ಅದರ ನೀರು ಕಾರ್ಖಾನೆಯಲ್ಲೇ ಸೇರಿರುವುದು. ಒಳಗಿರುವುದು ಬಹುಪಾಲು ನೀರು, ಸ್ಟಿಯರಿಕ್ ಆಮ್ಲ, ಅದನ್ನು ಸಾಬೂನಾಗಿಸಲು ಸಾಮಾನ್ಯವಾಗಿ ಟ್ರೈಎಥನಾಲಮೈನ್, ಒತ್ತಡದಲ್ಲಿ ದ್ರವವಾಗಿ ನಿಂತ ಬ್ಯುಟೇನ್, ಪ್ರೊಪೇನ್‌ನಂಥ ಅನಿಲಗಳು. ಗುಂಡಿ ಒತ್ತಿದ ಕೂಡಲೇ ಅನಿಲ ಹಿಗ್ಗಿ ನೊರೆಯಾಗುತ್ತದೆ. ಜೆಲ್ ಡಬ್ಬಿಯಲ್ಲಿ ಸಾಮಾನ್ಯವಾಗಿ ಐಸೊಪೆಂಟೇನ್ ಇರುತ್ತದೆ. ಅದು ಕುದಿಯುವುದು ಸುಮಾರು 28 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದ್ದರಿಂದ ಅಂಗೈಯಲ್ಲಿ ಜೆಲ್ಲಾಗಿದ್ದದ್ದು ಕೆನ್ನೆಯ ಬಿಸಿಗೆ ಮತ್ತು ಉಜ್ಜುವಿಕೆಗೆ ತಾನಾಗಿ ನೊರೆಯಾಗುತ್ತದೆ. (ಇಂಥ ಡಬ್ಬಿಯನ್ನು ಗೀಸರಿನ ಮೇಲೆ ಇಡುವ ಅಭ್ಯಾಸ ಯಾರಿಗಾದರೂ ಇದ್ದರೆ ಇಂದೇ ಬಿಡಿ.)

ಫೋಮಿನ ಕೊರತೆಯೆಂದರೆ ಅದರಲ್ಲಿ ಗಾಳಿ ಹೆಚ್ಚು, ತೇವ ಕಡಿಮೆ. ಬ್ರಷ್ಷಿನಿಂದ ನೊರೆ ಹಚ್ಚುವವರ ಗಡ್ಡ ಆ ಮೂರು ನಿಮಿಷಗಳಲ್ಲಿ ಚೆನ್ನಾಗಿ ನೆನೆಯುತ್ತದೆ, ನೆನೆದ ಕೂದಲನ್ನು ಕತ್ತರಿಸಲು ಬ್ಲೇಡಿಗೆ ಬಹಳ ಕಡಿಮೆ ಬಲ ಸಾಕು. ಫೋಮನ್ನು ಒಣ ಮುಖಕ್ಕೆ ಬಳಿದು ತಕ್ಷಣ ರೇಜರ್ ಎತ್ತಿಕೊಳ್ಳುವವರು ಈ ಲಾಭವನ್ನು ಕಳೆದುಕೊಳ್ಳುತ್ತಾರೆ. ನಿಮ್ಮ ಮುಖ ಬಿಗಿಯುವುದಕ್ಕೆ ಇನ್ನೊಂದು ಕಾರಣವೂ ಇರಬಹುದೆಂದು ನನ್ನ ಅನುಮಾನ: ನೊರೆ ಕಾರ್ಖಾನೆಯದಾದರೂ ತೊಳೆದುಕೊಂಡದ್ದು ಬೋರ್‌ವೆಲ್ ನೀರಿನಲ್ಲಿ ತಾನೇ? ಫೋಮಿನಲ್ಲಿದ್ದ ಸಾಬೂನು ತೊಳೆಯುವ ಹೊತ್ತಿನಲ್ಲಿ ಸುಣ್ಣದೊಡನೆ ಸೇರಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕೊನೆಯ ಎರಡು ಬೊಗಸೆ ನೀರಾದರೂ ಫಿಲ್ಟರಿನದಾಗಿರಲಿ.

ಪ್ರಯಾಣಕ್ಕೆ ನಾನು ಫೋಮನ್ನೇ ಒಯ್ಯುತ್ತೇನೆ. ಅದನ್ನು ಬೈಯುವುದು ಬ್ರಷ್ ಪ್ರಿಯರಿಗೆ ಒಂದು ಚಟವಾಗಿದೆ.

ಹಳೆಯ ಬ್ರಷ್ಷು

ಕೊಬ್ಬಿನ ಪ್ರಶ್ನೆಗೆ ಉತ್ತರ ಪೊಟ್ಟಣದ ಹಿಂಬದಿಯ ಸಣ್ಣಕ್ಷರದಲ್ಲಿದೆ. ಸೋಡಿಯಂ ಟ್ಯಾಲೊವೇಟ್ ಅಥವಾ ಪೊಟ್ಯಾಸಿಯಂ ಟ್ಯಾಲೊವೇಟ್ ಎಂಬ ಹೆಸರು ಕಂಡರೆ ಅದು ಪ್ರಾಣಿಯ, ಹೆಚ್ಚಾಗಿ ದನದ, ಕೊಬ್ಬಿನಿಂದ ಆದದ್ದು. ಟರ್ಕಿಯ ಆರ್ಕೊ ಕಡ್ಡಿ ಸಾಬೂನಿನಲ್ಲೂ ಇಟಲಿಯ ಚೆಲ್ಲಾದ ಸಾಂಪ್ರದಾಯಿಕ ಸಾಬೂನಿನಲ್ಲೂ ಅದು ಇದ್ದದ್ದನ್ನು ನಾನೇ ಓದಿದ್ದೇನೆ. ನೊರೆಯ ಗುಣಕ್ಕೆ ಎರಡೂ ಹೆಸರುವಾಸಿ, ಆದರೆ ನಿಮ್ಮ ಮನೆಗಲ್ಲ. ಬರಿಯ ಸ್ಟಿಯರಿಕ್ ಆಮ್ಲ ಎಂದಿದ್ದರೆ ಅದು ತಾಳೆ ಎಣ್ಣೆಯಿಂದಲೂ ಬಂದಿರಬಹುದು, ಕೊಬ್ಬಿನಿಂದಲೂ ಬಂದಿರಬಹುದು. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ನೋಡಿ, ಇಲ್ಲದಿದ್ದರೆ ಕಂಪನಿಗೆ ಬರೆದು ಕೇಳಿ. ಸಾಬೂನಿನ ಬಗ್ಗೆ ಇಷ್ಟು ವಿಚಾರಿಸುವವರು ಕೈಯಲ್ಲಿರುವ ಬ್ರಷ್ಷು ಹಂದಿಯ ಕೂದಲಿನದೋ ಅಲ್ಲವೋ ಎಂದು ನೋಡಿಕೊಂಡಿರುವುದೇ ಇಲ್ಲ! ಈಗ ಸಿಂಥೆಟಿಕ್ ಎಳೆಯ ಒಳ್ಳೆಯ ಬ್ರಷ್ಷುಗಳು ಸಿಗುತ್ತವೆ. ಅವನ್ನು ನೆನೆಹಾಕುವ ಅಗತ್ಯವೂ ಇಲ್ಲ, ಬೇಗ ಒಣಗುತ್ತವೆ.

ಇಟಲಿಯದೇ ಬೇಕೆಂದಿದ್ದರೆ, ಫ್ಲಾರೆನ್ಸಿನ ಪ್ರೊರಾಸೊದವರ ಬಿಳಿ ಪೊಟ್ಟಣ ಸೂಕ್ಷ್ಮ ಚರ್ಮದವರಿಗೆಂದೇ ಮಾಡಿದ್ದು. ಹಸಿರಿನದರಲ್ಲಿ ನೀಲಗಿರಿ ಎಣ್ಣೆ ಮತ್ತು ಮೆಂಥಾಲ್ ಇರುವುದರಿಂದ ಕುತ್ತಿಗೆ ಕೆಂಪಾಗಿರುವಾಗ ಅದನ್ನು ಮುಟ್ಟಬೇಡಿ. ತಣ್ಣಗೆ ಅನ್ನಿಸುವುದೆಲ್ಲ ಹಿತವಲ್ಲ. ಸುವಾಸನೆ ಹೆಚ್ಚಿದಷ್ಟೂ ಉರಿಯ ಸಂಭವವೂ ಹೆಚ್ಚು. ಲಿಮೊನೀನ್, ಲಿನಲೂಲ್ ಎಂಬ ಸುಗಂಧದ ಅಂಶಗಳು ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ.

ಹೊಸಬಡಾವಣೆ

ಎಲ್ಲರಿಗೂ ಧನ್ಯವಾದಗಳು. ಭಾನುವಾರ ಬಾಟಲಿಗಳ ಪರೀಕ್ಷೆ ಮಾಡಿದೆ. ಬೋರ್‌ವೆಲ್ ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗಿ, ಮೇಲೆ ಅಕ್ಕಿ ನುಚ್ಚಿನಂಥ ಚೂರುಗಳು ತೇಲಿದವು. ಫಿಲ್ಟರ್ ನೀರಿನ ಮೇಲೆ ಎರಡು ಬೆರಳಿನಷ್ಟು ನೊರೆ ಊಟ ಮುಗಿಸಿ ಬಂದರೂ ಹಾಗೆಯೇ ಇತ್ತು. ಮರುದಿನದಿಂದ ಚೊಂಬಿನ ನೀರಿನಲ್ಲಿ ಹಳೆಯ ಟ್ಯೂಬನ್ನೇ ಬಳಸುತ್ತಿದ್ದೇನೆ. ಎರಡು ಸುತ್ತು ಮುಗಿದ ಮೇಲೂ ಬಟ್ಟಲಿನಲ್ಲಿ ನೊರೆ ಉಳಿಯುತ್ತಿದೆ, ಮುಖದ ಬಿಗಿತ ಹೋಗಿದೆ. ಆದರೆ ಕುತ್ತಿಗೆಯ ಗುಳ್ಳೆಗಳು ಪೂರ್ತಿ ಕಡಿಮೆಯಾಗಿಲ್ಲ. ಶೇವ್ ಆದ ಮೇಲೆ ಸ್ಫಟಿಕ (ಆಲಂ ಕಲ್ಲು) ಉಜ್ಜಿಕೊಂಡರೆ ಚುರ್ರೆನ್ನುತ್ತದೆ. ಬೇರೆ ಕ್ರೀಮು ನೋಡಬೇಕೇ?

ನೊರೆಗಾರ

ಇನ್ನು ಕ್ರೀಮಿನ ಕೆಲಸ ಮುಗಿಯಿತು, ರೇಜರ್ ಹೋಗುವ ದಿಕ್ಕನ್ನು ನೋಡಬೇಕು. ಎರಡು ದಿನ ಗಡ್ಡ ಬಿಟ್ಟು, ಕುತ್ತಿಗೆಯ ಮೇಲೆ ಬೆರಳನ್ನು ನಾಲ್ಕು ಕಡೆಗೂ ಆಡಿಸಿ. ನುಣುಪಾಗಿ ಜಾರುವುದು ಕೂದಲು ಮಲಗಿರುವ ದಿಕ್ಕು, ತರಚಿದಂತಾಗುವುದು ಎದುರು ದಿಕ್ಕು. ಕೆನ್ನೆಯಲ್ಲಿ ಮೇಲಿನಿಂದ ಕೆಳಕ್ಕೆ ಬೆಳೆಯುವ ಕೂದಲು ಕುತ್ತಿಗೆಯಲ್ಲಿ ಎಷ್ಟೋ ಜನರಿಗೆ ಅಡ್ಡಡ್ಡ ಅಥವಾ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ. ಅಲ್ಲಿ ಎದುರು ದಿಕ್ಕಿನ ಸುತ್ತನ್ನು ಎರಡು ವಾರ ಕೈಬಿಡಿ. ಆಗಲೂ ಗುಳ್ಳೆಯಲ್ಲಿ ಕೀವು ಕಂಡರೆ, ಅಥವಾ ಕೂದಲು ಒಳಕ್ಕೇ ಸುರುಳಿಯಾಗಿ ಬೆಳೆಯುತ್ತಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಸ್ಫಟಿಕ ಚುರ್ರೆಂದರೆ ಅಲ್ಲಿ ಚರ್ಮ ತರಚಿದೆ ಎಂದು ತಿಳಿಯಿರಿ. ಮರುದಿನ ಆ ಜಾಗದಲ್ಲಿ ರೇಜರನ್ನು ಒತ್ತದೆ, ಅದರ ಭಾರಕ್ಕೇ ಬಿಟ್ಟುಬಿಡಿ.

ಹೊಸಬಡಾವಣೆ

ಬೆರಳಾಡಿಸಿ ನೋಡಿದೆ. ಬಲಗಡೆ ಎಲ್ಲವೂ ಕೆಳಕ್ಕೇ ಇದೆ. ಎಡಗಡೆ ಮಾತ್ರ ಕಿವಿಯ ಕಡೆಗೆ ಅಡ್ಡವಾಗಿ ಮಲಗಿದೆ. ಗುಳ್ಳೆಗಳಿರುವುದೂ ಎಡಗಡೆಯೇ. ಇಷ್ಟು ವರ್ಷ ಕನ್ನಡಿಯ ಮುಂದೆ ನಿಂತರೂ ಇದು ಕಣ್ಣಿಗೆ ಬಿದ್ದಿರಲಿಲ್ಲ. ಟ್ಯೂಬಿನಲ್ಲಿ ಇನ್ನೂ ಅರ್ಧ ಉಳಿದಿದೆ, ಆದ್ದರಿಂದ ಇಟಲಿಯ ಪೊಟ್ಟಣದ ವಿಚಾರವನ್ನು ಸದ್ಯಕ್ಕೆ ಮುಂದೂಡಿದ್ದೇನೆ.